ಲಿನಕ್ಸ್ ಕರ್ನಲ್ ಬದಲಾದಾಗ ನಮ್ಮ ಹಳೇ ಸೆಟಪ್ ಕೆಡದ ಹಾಗೆ ಹೇಗೆ ಪರೀಕ್ಷೆ ಮಾಡುತ್ತಾರೆ?

ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು, ಪ್ರೋಗ್ರಾಂಗಳಿಗೂ ಹಾರ್ಡ್‌ವೇರ್‌ಗೂ ನಡುವೆ ಕೆಲಸ ಮಾಡುವ ಭಾಗ. ಹೊಸ ಕರ್ನಲ್ ಒಂದೇ ಸಲಕ್ಕೆ ಎಲ್ಲರ ಕಂಪ್ಯೂಟರಿಗೂ ಹೋಗುವುದಿಲ್ಲ, ಹಂತ ಹಂತವಾಗಿ ಹೋಗುತ್ತದೆ. ಬದಲಾವಣೆ ಬರೆದವರು ಮೊದಲು ವರ್ಚುವಲ್ ಮಷಿನ್‌ನಲ್ಲಿ, ಅಂದರೆ ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರಿನಲ್ಲಿ ಬೂಟ್ ಮಾಡಿ ನೋಡುತ್ತಾರೆ. ಆಮೇಲೆ ಲಿನಕ್ಸ್-ನೆಕ್ಸ್ಟ್ ಅನ್ನುವ ಪ್ರಯೋಗದ ಪ್ರತಿಯಲ್ಲಿ ಎಲ್ಲರ ಬದಲಾವಣೆಗಳನ್ನೂ ಸೇರಿಸಿ ನೋಡುತ್ತಾರೆ. ಕೊನೆಗೆ ಎರಡು ವಾರ ಹೊಸದನ್ನು ಮುಖ್ಯ ಕರ್ನಲ್ ಒಳಗೆ ಬಿಟ್ಟುಕೊಂಡು ಬಾಗಿಲು ಹಾಕಿದರೆ, ಮುಂದಿನ ಏಳೆಂಟು ವಾರ ಹೆಚ್ಚೂಕಡಿಮೆ ಬರೀ ರಿಪೇರಿ ಕೆಲಸ.

ಇದಕ್ಕೆಲ್ಲ ಬುಡ ಒಂದೇ ನಿಯಮ: ನಿನ್ನೆ ಓಡುತ್ತಿದ್ದ ಪ್ರೋಗ್ರಾಂ ಹೊಸ ಕರ್ನಲ್‌ನಿಂದ ನಿಂತರೆ ತಪ್ಪು ಕರ್ನಲ್‌ನದ್ದೇ. ಲಿನಕ್ಸ್ ಶುರು ಮಾಡಿದ ಲೈನಸ್ ಟೊರ್ವಾಲ್ಡ್ಸ್ ಇದರಲ್ಲಿ ತುಂಬಾ ಕಟ್ಟುನಿಟ್ಟು, ಅದು ಸರಿ ಕೂಡ.

ಆದರೆ ಪ್ರಪಂಚದ ಎಲ್ಲ ಹಾರ್ಡ್‌ವೇರ್ ಯಾವ ಲ್ಯಾಬಿನಲ್ಲೂ ಇರುವುದಿಲ್ಲ, ಅಲ್ವಾ? ದಾವಣಗೆರೆಯಲ್ಲಿ ನನ್ನ ತಮ್ಮನ ಜೆರಾಕ್ಸ್ ಅಂಗಡಿಯ ಹಳೇ ಲ್ಯಾಪ್‌ಟಾಪಿನಲ್ಲಿ ಕರ್ನಲ್ ಅಪ್‌ಡೇಟ್ ಆದ ಮರುದಿನ ವೈಫೈ ಕಾಣಿಸಲೇ ಇಲ್ಲ, ಪ್ರಿಂಟ್ ತೆಗೆಸಲು ಬಂದ ಹುಡುಗರು ಮೊಬೈಲ್ ಹಿಡಿದುಕೊಂಡು ಸುಮ್ನೆ ನಿಂತಿದ್ದರು. ರೀಸ್ಟಾರ್ಟ್ ಮಾಡಿ, ಶುರುವಿನಲ್ಲೇ ಬರುವ ಗ್ರಬ್ ಮೆನುವಿನಲ್ಲಿ ಒಂದು ಸಾಲು ಕೆಳಗಿಳಿದು ಹಳೇ ಕರ್ನಲ್ ಆರಿಸಿದೆ, ವೈಫೈ ವಾಪಸ್ ಬಂತು.

ಇಂಥ ದೂರು ಬಂದಾಗ ತಪ್ಪು ಯಾವ ಬದಲಾವಣೆಯಲ್ಲಿದೆ ಎಂದು ಹುಡುಕುವ ಗಿಟ್ ಬೈಸೆಕ್ಟ್ ಅನ್ನುವ ಸಾಧನ ಕೈ ಹಿಡಿಯುತ್ತದೆ. ಸರಿಯಿದ್ದ ಕರ್ನಲ್‌ಗೂ ಕೆಟ್ಟದ್ದಕ್ಕೂ ನಡುವೆ 1,000 ಬದಲಾವಣೆ ಇದ್ದರೆ ಮಧ್ಯದ್ದನ್ನು ಬೂಟ್ ಮಾಡಿ ನೋಡುವುದು, ತಪ್ಪು ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಅರ್ಧ ಮಾಡುವುದು. ಸುಮಾರು 10 ಸಲಕ್ಕೆ ತಪ್ಪಿನ ಬದಲಾವಣೆ ಸಿಗುತ್ತದೆ. ಸರಿಪಡಿಸಲು ಆಗದಿದ್ದರೆ ಅದನ್ನೇ ತೆಗೆದುಹಾಕುತ್ತಾರೆ.

ನೀವೂ ಹೊಸದನ್ನು ಹಾಕಿ ನೋಡುವುದಾದರೆ ಹಳೇ ಕರ್ನಲ್ ಮಾತ್ರ ಅಳಿಸಬೇಡಿ.