ಮಕ್ಕಳ ದಿನಚರಿಯನ್ನೆಲ್ಲ ನೋಡಿಕೊಳ್ಳುವ ಒಂದೇ ಆ್ಯಪ್ ಯಾವುದಾದರೂ ಇದೆಯೇ, ಯಾವುದು ಒಳ್ಳೆಯದು? ವಾರ್ಷಿಕ ಚಂದಾ ಕಟ್ಟಿ ಒಂದನ್ನು ಕೊಳ್ಳಬೇಕೆಂದಿದ್ದೇನೆ.

ನಿದ್ದೆ, ಊಟ, ಲಸಿಕೆ, ಔಷಧ, ಶಾಲೆಯ ಸೂಚನೆ ಎಲ್ಲವೂ ಒಂದೇ ಕಡೆ ಸಿಗಬೇಕೆಂದು ನಾನೂ ನಿಮ್ಮಂತೆಯೇ ಹುಡುಕಿದ್ದೆ. ಅಂಥ ಆ್ಯಪ್ ಸಿಕ್ಕಿತು ಕೂಡ. ನನಗೆ ತೊಂದರೆಯಾದದ್ದು ಅದರಿಂದಲೇ.

ಮಗಳು ಆಗಷ್ಟೇ ನಡೆಯಲು ಕಲಿತಿದ್ದಳು, ಮಗ ಇನ್ನೂ ಹಸುಗೂಸು. ಇಬ್ಬರೂ ಮಲಗಿದ್ದು, ಎದ್ದದ್ದು, ಹಾಲು ಕುಡಿದದ್ದು ಎಲ್ಲವನ್ನೂ ನಾನು ತಪ್ಪದೆ ದಾಖಲಿಸುತ್ತಿದ್ದೆ. ಒಂದು ರಾತ್ರಿ ಮಗಳಿಗೆ ಜ್ವರ ಏರಿತು. ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ, ಎಷ್ಟು ಮಿಲಿ, ಎಷ್ಟು ಹೊತ್ತಿಗೆ ಎಂಬುದನ್ನು ಆ್ಯಪ್‌ನಲ್ಲಿ ಬರೆದು, ಫೋನನ್ನು ಚಾರ್ಜಿಗೆ ಹಾಕಿ ಮಲಗಿಬಿಟ್ಟೆ. ಸ್ವಲ್ಪ ಹೊತ್ತಿಗೇ ಅವಳು ಅಳತೊಡಗಿದಳು. ದಣಿದು ಮಲಗಿದ್ದ ನನ್ನನ್ನು ಎಬ್ಬಿಸುವುದು ಬೇಡವೆಂದು ನನ್ನ ಗಂಡ ಅವಳ ಹಣೆ ಮುಟ್ಟಿ ನೋಡಿ, ಅದೇ ಸಿರಪ್ಪನ್ನು ಅದೇ ಮುಚ್ಚಳದಲ್ಲಿ ಅಳೆದು ಮತ್ತೊಮ್ಮೆ ಕುಡಿಸಿದರು.

ಬೆಳಗ್ಗೆ ವಿಷಯ ತಿಳಿದಾಗ ನನ್ನ ಕೈಕಾಲು ತಣ್ಣಗಾದವು. ಪ್ಯಾರಾಸಿಟಮಾಲನ್ನು ನಾಲ್ಕರಿಂದ ಆರು ಗಂಟೆಗಳ ಅಂತರವಿಲ್ಲದೆ ಮತ್ತೆ ಕೊಡುವಂತಿಲ್ಲ, 24 ಗಂಟೆಗಳಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಕೊಡುವಂತಿಲ್ಲ. ಪ್ರಮಾಣ ಮೀರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಫೋನಿನಲ್ಲಿ ವೈದ್ಯರು ಮೊದಲು ಕೇಳಿದ್ದು ಮಗುವಿನ ತೂಕವನ್ನು, ಆಮೇಲೆ ಬಾಟಲಿಯ ಮೇಲೆ ಬರೆದ ಸಾಂದ್ರತೆಯನ್ನು. 5 ಮಿಲಿಯಲ್ಲಿ 120 ಮಿಲಿಗ್ರಾಂ ಇರುವ ಸಿರಪ್ಪೂ ಇದೆ, 250 ಇರುವುದೂ ಇದೆ. ನಮ್ಮದು ಮೊದಲನೆಯದು. ಒಟ್ಟು ಪ್ರಮಾಣ ಮಿತಿಯೊಳಗೇ ಇದೆ, ಇನ್ನು ಸದ್ಯಕ್ಕೆ ಕೊಡಬೇಡಿ, ಮಗುವಿನ ಮೇಲೆ ಕಣ್ಣಿಡಿ ಎಂದರು. ಮಗಳಿಗೆ ಏನೂ ಆಗಲಿಲ್ಲ. ಆದರೆ ಮುಂದೆ ಎಷ್ಟೋ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ತಪ್ಪು ನನ್ನ ಗಂಡನದಲ್ಲ. ಆ್ಯಪ್ ಇದ್ದದ್ದು ನನ್ನ ಫೋನಿನಲ್ಲಿ, ನನ್ನ ಖಾತೆಯಲ್ಲಿ. ಇನ್ನೊಬ್ಬರನ್ನು ಸೇರಿಸಬೇಕಾದರೆ ಹಣ ಕಟ್ಟಬೇಕಿತ್ತು, ಆಮೇಲೆ ನೋಡೋಣ ಎಂದು ಬಿಟ್ಟಿದ್ದೆ. ಅದಕ್ಕಿಂತ ದೊಡ್ಡದು, ಆ್ಯಪ್‌ನಲ್ಲಿ ಬರೆದ ಕೂಡಲೇ ನನ್ನ ಮನಸ್ಸು ಆ ವಿಷಯವನ್ನು ಮುಗಿಸಿಬಿಡುತ್ತಿತ್ತು. ಆ್ಯಪ್ ಇಲ್ಲದ ದಿನಗಳಲ್ಲಾದರೆ ಮಲಗುವ ಮುಂಚೆ "ಈಗಷ್ಟೇ ಔಷಧ ಕುಡಿಸಿದ್ದೇನೆ" ಎಂದು ಒಂದು ಮಾತು ಹೇಳಿಯೇ ಹೇಳುತ್ತಿದ್ದೆ. ಬರೆದಿಟ್ಟಿದ್ದರಿಂದಲೇ ಆ ಮಾತು ಬಾಯಿಗೆ ಬರಲಿಲ್ಲ. ಮನೆಯ ಮಾಹಿತಿಯೆಲ್ಲ ನನ್ನೊಬ್ಬಳ ಜೇಬು ಸೇರಿತ್ತು. ಲಸಿಕೆ ಯಾವಾಗ, ಮಗು ಹಾಲು ಕುಡಿದದ್ದು ಎಷ್ಟು ಹೊತ್ತಿಗೆ ಎಂದು ಎಲ್ಲರೂ ನನ್ನನ್ನೇ ಕೇಳಬೇಕಿತ್ತು. ಕೇಳದಿದ್ದರೆ ಊಹೆಯೇ ಗತಿ.

ಆದ್ದರಿಂದ ಯಾವ ಆ್ಯಪ್ ಒಳ್ಳೆಯದು ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ಆ್ಯಪ್‌ನಲ್ಲಿ ಬರೆದದ್ದು ಕಾಣುತ್ತದೆಯೇ ಎಂದು ಕೇಳಿಕೊಳ್ಳಿ. ಕಾಣದಿದ್ದರೆ ಆ ಆ್ಯಪ್ ಎಷ್ಟು ಚೆನ್ನಾಗಿದ್ದರೂ ಬೇಡ.

ನಾವು ಈಗ ಬಳಸುವುದು ಗೂಗಲ್ ಕ್ಯಾಲೆಂಡರ್. ಮಕ್ಕಳಿಗೆಂದೇ ಒಂದು ಪ್ರತ್ಯೇಕ ಕ್ಯಾಲೆಂಡರ್ ಮಾಡಿ ಹಂಚಿಕೊಂಡಿದ್ದೇವೆ. ಹಂಚುವಾಗ ನೋಡುವ ಅನುಮತಿಯಷ್ಟೇ ಸಾಲದು, ಬದಲಾಯಿಸುವ ಅನುಮತಿಯನ್ನೂ ಕೊಡಿ. ಇಲ್ಲದಿದ್ದರೆ ಬರೆಯುವ ಕೆಲಸ ಮತ್ತೆ ಒಬ್ಬರ ತಲೆಗೇ ಬರುತ್ತದೆ. ಹಲವರಿಗೆ ತಿಳಿಯದ ಇನ್ನೊಂದು ವಿಷಯವಿದೆ: ನೀವು ಹಾಕಿಕೊಂಡ ಜ್ಞಾಪನೆ ನಿಮಗೆ ಮಾತ್ರ ಬರುತ್ತದೆ. ಲಸಿಕೆಯ ದಿನವನ್ನು ಇಬ್ಬರ ಫೋನೂ ನೆನಪಿಸಬೇಕಾದರೆ ಇಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಅದನ್ನು ಹೊಂದಿಸಿಕೊಳ್ಳಬೇಕು. ಸಾಮಾನಿನ ಪಟ್ಟಿಗೆ ಹಂಚಿಕೊಂಡ ಒಂದು ಟಿಪ್ಪಣಿ ಸಾಕು.

ಔಷಧದ ಲೆಕ್ಕವನ್ನು ಮಾತ್ರ ಯಾವ ಆ್ಯಪ್‌ಗೂ ಕೊಡಬೇಡಿ. ಬಾಟಲಿಗೇ ರಬ್ಬರ್ ಬ್ಯಾಂಡ್‌ನಿಂದ ಒಂದು ಚೀಟಿ ಸುತ್ತಿ, ಕುಡಿಸಿದ ಹೊತ್ತು, ಮಿಲಿ, ಕುಡಿಸಿದವರ ಹೆಸರು ಬರೆಯಿರಿ. ಬಾಟಲಿ ಎತ್ತಿಕೊಂಡವರ ಕೈಗೆ ಚೀಟಿ ಸಿಗಲೇಬೇಕು. ಸ್ಮಾರ್ಟ್‌ಫೋನ್ ಮುಟ್ಟದ ನನ್ನ ಅತ್ತೆಯೂ ಈಗ ಅದರಲ್ಲಿ ಬರೆಯುತ್ತಾರೆ. ನೆಗಡಿಯ ಹಲವು ಸಿರಪ್‌ಗಳಲ್ಲಿಯೂ ಪ್ಯಾರಾಸಿಟಮಾಲ್ ಇರುತ್ತದೆ. ಎರಡನ್ನೂ ಕೊಡುವ ಮುನ್ನ ಲೇಬಲ್ ಓದಿ. ಮೂರು ತಿಂಗಳಿಗಿಂತ ಚಿಕ್ಕ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ಚೀಟಿಯೂ ಬೇಡ, ಆ್ಯಪ್ಪೂ ಬೇಡ, ನೇರವಾಗಿ ವೈದ್ಯರ ಬಳಿ ಹೋಗಿ.

ನಿದ್ದೆಯ ದಾಖಲೆ ಮೊದಲ ಕೆಲವು ವಾರಗಳಿಗೆ ಸರಿ, ಆಮೇಲೆ ನಿಲ್ಲಿಸಿ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತದೆ, ಹಗಲಿನ ನಿದ್ದೆಯೂ ಸೇರಿ. ಮೂರು ಗಂಟೆಯ ಅಂತರವಿರುವ ಆ ಲೆಕ್ಕಕ್ಕೆ ನಿಮಿಷ ನಿಮಿಷ ಬರೆಯುವ ಅಗತ್ಯವಿಲ್ಲ.

ನೀವು ಕೊಳ್ಳಬೇಕೆಂದಿರುವ ವಾರ್ಷಿಕ ಚಂದಾ ಆ್ಯಪ್‌ಗೆ ಈಗಲೇ ಹಣ ಕಟ್ಟಬೇಡಿ. ಮೊದಲು ಉಚಿತ ಆವೃತ್ತಿಯನ್ನು ಮನೆಯ ಇನ್ನೊಬ್ಬರ ಫೋನಿನಲ್ಲಿ ಹಾಕಿಸಿ, ಒಂದು ವಾರ ಅವರು ತಾವಾಗಿಯೇ ಅದನ್ನು ತೆರೆಯುತ್ತಾರೆಯೇ ಎಂದು ನೋಡಿ.