ಕಾಂತಗುಣವಿಲ್ಲದ ಸತುವನ್ನು ಸೇರಿಸಿದರೆ ನಿಕಲ್ ಫೆರೈಟಿನ ಕಾಂತತ್ವ ಹೆಚ್ಚುವುದೇಕೆ?

ಸತುವಿನ ಅಯಾನಿಗೆ ಕಾಂತಗುಣವೇ ಇಲ್ಲದಿರುವಾಗ, ನಿಕಲ್ ಫೆರೈಟಿನಲ್ಲಿ (ನಿಕಲ್, ಕಬ್ಬಿಣ, ಆಮ್ಲಜನಕಗಳು ಸೇರಿದ ಕಾಂತೀಯ ಸಂಯುಕ್ತದಲ್ಲಿ) ನಿಕಲ್‌ನ ಒಂದು ಪಾಲನ್ನು ತೆಗೆದು ಸತುವನ್ನು ಇಟ್ಟರೆ ಕಾಂತತ್ವ ಹೆಚ್ಚುವುದು ಹೇಗೆ, ಹರಳಿನ ರಚನೆಯೂ ಬದಲಾಗುವುದೇ ಎಂದು ಕೇಳಿದ್ದೀರಿ. ಫೆರೈಟುಗಳನ್ನು ತಯಾರಿಸಿ ಅಳೆಯುವ ಕೆಲಸದಲ್ಲಿರುವ ನನ್ನನ್ನೂ ಆರಂಭದಲ್ಲಿ ಕಾಡಿದ್ದ ಪ್ರಶ್ನೆ ಇದು. ಉತ್ತರವಿರುವುದು ಸತುವಿನ ಸ್ವಂತ ಗುಣದಲ್ಲಲ್ಲ, ಅದು ಹೋಗಿ ಕೂರುವ ಜಾಗದಲ್ಲಿ.

ಇಂಥ ಫೆರೈಟುಗಳ ಹರಳಿನ ರಚನೆಗೆ ಸ್ಪೈನೆಲ್ ಎಂದು ಹೆಸರು. ಸ್ಪೈನೆಲ್ ಹರಳಿನಲ್ಲಿ ಲೋಹದ ಅಯಾನುಗಳಿಗೆ ಎರಡು ಬಗೆಯ ನೆಲೆಗಳಿವೆ: ನಾಲ್ಕು ಆಮ್ಲಜನಕಗಳ ನಡುವಿನ ಎ ನೆಲೆ ಮತ್ತು ಆರು ಆಮ್ಲಜನಕಗಳ ನಡುವಿನ ಬಿ ನೆಲೆ. ನಿಕಲ್ ಫೆರೈಟಿನಲ್ಲಿ ಅರ್ಧದಷ್ಟು ಕಬ್ಬಿಣ ಎ ನೆಲೆಯಲ್ಲಿಯೂ, ಉಳಿದರ್ಧ ನಿಕಲ್ ಜೊತೆಗೆ ಬಿ ನೆಲೆಯಲ್ಲಿಯೂ ಇರುತ್ತದೆ. ಎರಡು ನೆಲೆಗಳ ಮ್ಯಾಗ್ನೆಟಿಕ್ ಮೊಮೆಂಟುಗಳು (ಅಯಾನುಗಳ ಕಾಂತಬಲದ ಅಳತೆಗಳು) ಒಂದಕ್ಕೊಂದು ಎದುರು ದಿಕ್ಕಿನಲ್ಲಿರುವುದರಿಂದ ನಮಗೆ ಸಿಗುವುದು ಅವುಗಳ ವ್ಯತ್ಯಾಸ ಮಾತ್ರ. 1948ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಲೂಯಿ ನೀಲ್ ವಿವರಿಸಿದ್ದು ಇದನ್ನೇ. ಕಬ್ಬಿಣಕ್ಕೆ 5, ನಿಕಲ್‌ಗೆ 2 ಬೋರ್ ಮ್ಯಾಗ್ನೆಟಾನ್ (ಮೊಮೆಂಟಿನ ಮಾನ) ಎಂದಿಟ್ಟುಕೊಂಡರೆ, ಬಿ ಬದಿಯ 7ರಲ್ಲಿ ಎ ಬದಿಯ 5 ಕಳೆದು 2 ಉಳಿಯುತ್ತದೆ. ಈಗ ನಿಕಲ್‌ನ ಐದನೇ ಒಂದು ಭಾಗವನ್ನು ತೆಗೆದು ಸತುವನ್ನು ಇಡಿ. ಸತು ಎ ನೆಲೆಯನ್ನೇ ಬಯಸುವುದರಿಂದ ಅಲ್ಲಿದ್ದ ಅಷ್ಟೇ ಕಬ್ಬಿಣ ಬಿ ನೆಲೆಗೆ ಸರಿಯುತ್ತದೆ. ಎ ಬದಿಯ ಮೊತ್ತ 4ಕ್ಕೆ ಇಳಿದು, ಬಿ ಬದಿಯದು 7.6ಕ್ಕೆ ಏರಿ, ವ್ಯತ್ಯಾಸ 3.6 ಆಗುತ್ತದೆ. ಎದುರಾಳಿ ದುರ್ಬಲನಾದದ್ದೇ ಈ ಹೆಚ್ಚಳದ ಗುಟ್ಟು, ಮತ್ತು ಇಷ್ಟು ಸರಳವಾದ ಲೆಕ್ಕ ಅತಿ ಕಡಿಮೆ ಉಷ್ಣಾಂಶದ ಅಳತೆಗಳಿಗೆ ಹತ್ತಿರವಾಗಿ ಹೊಂದುವುದು ನನಗೆ ಇಂದಿಗೂ ಸೋಜಿಗವೇ.

ಆದರೆ ಈ ಏರಿಕೆ ಕೊನೆಯವರೆಗೂ ಸಾಗುವುದಿಲ್ಲ. ಸತುವಿನ ಪಾಲು ಸುಮಾರು ಅರ್ಧವನ್ನು ಮುಟ್ಟುವ ಹೊತ್ತಿಗೆ, ಬಿ ಅಯಾನುಗಳನ್ನು ಒಂದೇ ದಿಕ್ಕಿನಲ್ಲಿ ಹಿಡಿದಿಡುತ್ತಿದ್ದ ಎ ನೆಲೆಯ ಕಬ್ಬಿಣ ತೀರ ವಿರಳವಾಗುತ್ತದೆ. ಬಿ ಅಯಾನುಗಳು ತಮ್ಮತಮ್ಮೊಳಗಿನ ವಿರೋಧಕ್ಕೆ ಮಣಿದು ಓರೆಯಾಗಿ ನಿಲ್ಲುತ್ತವೆ, ಒಟ್ಟು ಮೊಮೆಂಟ್ ಕುಸಿಯುತ್ತದೆ. ಕ್ಯೂರಿ ಉಷ್ಣಾಂಶವಂತೂ (ಕಾಂತೀಯ ಕ್ರಮ ಅಳಿಯುವ ಉಷ್ಣಾಂಶ) ಮೊದಲಿನಿಂದಲೇ ಇಳಿಯುತ್ತಾ ಹೋಗುತ್ತದೆ: ಶುದ್ಧ ನಿಕಲ್ ಫೆರೈಟಿಗೆ ಅದು ಸುಮಾರು 585 ಡಿಗ್ರಿ ಸೆಲ್ಸಿಯಸ್ ಇದ್ದರೆ, ಶುದ್ಧ ಸತು ಫೆರೈಟ್ ಸಾಮಾನ್ಯ ಉಷ್ಣಾಂಶದಲ್ಲಿ ಕಾಂತೀಯ ಕ್ರಮವನ್ನೇ ತೋರುವುದಿಲ್ಲ.

ರಚನೆಯ ವಿಷಯಕ್ಕೆ ಬಂದರೆ, ಸ್ಪೈನೆಲ್ ಚೌಕಟ್ಟು ಹಾಗೆಯೇ ಉಳಿದು, ಹರಳಿನ ಘಟಕದ ಅಂಚು ಮಾತ್ರ ಸುಮಾರು 8.34ರಿಂದ 8.44 ಆಂಗ್‌ಸ್ಟ್ರಾಮ್‌ವರೆಗೆ ಹಿಗ್ಗುತ್ತದೆ. ಎಕ್ಸ್‌ರೇ ನಕ್ಷೆಯಲ್ಲಿ ಶಿಖರಗಳು ಸಣ್ಣ ಕೋನದ ಕಡೆಗೆ ಕೂದಲೆಳೆಯಷ್ಟು ಸರಿದಿರುವುದನ್ನು ನೋಡಿಯೇ ಸತು ಒಳಸೇರಿದೆಯೆಂದು ನಾನು ಮೊದಲು ಊಹಿಸುತ್ತೇನೆ. ನೀವೇ ಮಾದರಿ ತಯಾರಿಸುವುದಾದರೆ ಒಂದು ಎಚ್ಚರಿಕೆ ಇರಲಿ: 1200 ಡಿಗ್ರಿಯ ಆಸುಪಾಸಿನಲ್ಲಿ ಸುಡುವಾಗ ಸತು ಮೇಲ್ಮೈಯಿಂದ ಆವಿಯಾಗಿ ಹೋಗುತ್ತದೆ. ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆಯನ್ನು ಅದೇ ಸಂಯೋಜನೆಯ ಪುಡಿಯಲ್ಲಿ ಹುದುಗಿಸಿ ಸುಟ್ಟು, ಆಮೇಲೆ ಉಳಿದ ಸತುವಿನ ಪ್ರಮಾಣವನ್ನು ಅಳೆದು, ಆ ಅಂಕಿಯನ್ನೇ ಲೆಕ್ಕಕ್ಕೆ ಬಳಸಿ.