ಬಿಲ್ ಪ್ಯಾಕ್ಸ್‌ಟನ್ ಒಬ್ಬರೇ ಅಲ್ಲ, ಇನ್ನೊಬ್ರು ಇದಾರೆ
ಹಾಲಿವುಡ್ ಸಿನಿಮಾಗಳ ಟರ್ಮಿನೇಟರ್ (ಕೊಲೆಗಾರ ರೋಬೋಟ್), ಏಲಿಯನ್, ಪ್ರಿಡೇಟರ್ (ಬೇಟೆ ಆಡೋ ಅನ್ಯಗ್ರಹ ಜೀವಿ) ಮೂರರ ಕೈಲೂ ಸತ್ತಿರೋ ನಟ ಬಿಲ್ ಪ್ಯಾಕ್ಸ್‌ಟನ್ ಒಬ್ರೇನಾ ಅಂತ ಕೇಳಿದೀರಲ್ಲ, ಎಲ್ಲಾ ಕಡೆ ಹಂಗೇ ಹೇಳ್ತಾರೆ, ಆದ್ರೆ ಇನ್ನೊಬ್ಬ ನಟ ಲ್ಯಾನ್ಸ್ ಹೆನ್ರಿಕ್ಸನ್‌ನ ಬಿಟ್ಬಿಟ್ರೆ ಅನ್ಯಾಯ ಆಗುತ್ತೆ.

ಪ್ಯಾಕ್ಸ್‌ಟನ್ ಲೆಕ್ಕದಲ್ಲಿ ಎರಡು ಓಕೆ. 1986ರ ಏಲಿಯನ್ಸ್‌ನಲ್ಲಿ ಅವ್ರ ಪಾತ್ರ ಹಡ್ಸನ್‌ನ ಏಲಿಯನ್‌ಗಳು ನೆಲದ ಕೆಳಗಿಂದ ಎಳ್ಕೊಂಡು ಹೋಗ್ತವೆ, 1990ರ ಪ್ರಿಡೇಟರ್ 2ನಲ್ಲಿ ಮೆಟ್ರೋ ರೈಲಲ್ಲಿ ಕಥೆ ಮುಗಿಯುತ್ತೆ. ಡೌಟ್ ಇರೋದು 1984ರ ಟರ್ಮಿನೇಟರ್‌ದು. ಅದ್ರಲ್ಲಿ ನೀಲಿ ಕೂದಲಿನ ಪುಂಡ ಅವ್ರೇ, ಟರ್ಮಿನೇಟರ್ ಆಗಿರೋ ಆರ್ನಾಲ್ಡ್ ಒಂದೇಟಿಗೆ ಕಬ್ಬಿಣದ ಗೇಟಿಗೆ ಹೋಗಿ ಬೀಳೋ ಹಂಗೆ ಎಸೀತಾನೆ, ಆದ್ರೆ ಸತ್ತ ಅಂತ ಎಲ್ಲೂ ತೋರ್ಸಲ್ಲ, ಎದೆ ಬಗೆಸ್ಕೊಂಡು ಸಾಯೋದು ಪಕ್ಕದಲ್ಲಿರೋ ಇನ್ನೊಬ್ಬ.

ಹೆನ್ರಿಕ್ಸನ್ ಅದೇ ಟರ್ಮಿನೇಟರ್‌ನಲ್ಲಿ ಪೊಲೀಸ್ ವುಕೋವಿಚ್, ಸ್ಟೇಷನ್ ದಾಳಿಲಿ ಗುಂಡೇಟು ತಿಂತಾರೆ. 2004ರ ಏಲಿಯನ್ ವರ್ಸಸ್ ಪ್ರಿಡೇಟರ್‌ನಲ್ಲಿ ವೇಲ್ಯಾಂಡ್ ಆಗಿ ಪ್ರಿಡೇಟರ್ ಕೈಲೇ ಸಾಯ್ತಾರೆ. ಏಲಿಯನ್ಸ್‌ನಲ್ಲಿ ಮಾತ್ರ ರಾಣಿ ಏಲಿಯನ್ ಅವ್ರ ಪಾತ್ರ ಬಿಷಪ್‌ನ ಎರಡು ತುಂಡು ಮಾಡಿದ್ರೂ ಆಂಡ್ರಾಯ್ಡ್ (ಮನುಷ್ಯರ ಥರ ಇರೋ ರೋಬೋಟ್) ಆಗಿರೋದ್ರಿಂದ ಸಾಯಲ್ಲ, ಅರ್ಧ ಮೈಯಲ್ಲೇ ಪುಟ್ಟ ಹುಡುಗಿ ನ್ಯೂಟ್‌ನ ಹಿಡ್ಕೊಂಡು ಕಾಪಾಡ್ತಾನೆ. ಸೋ ಕಟ್ಟುನಿಟ್ಟಾಗಿ ನೋಡಿದ್ರೆ ಇಬ್ರಿಗೂ ಒಂದೊಂದು ಕಮ್ಮಿ, ಧಾರಾಳವಾಗಿ ನೋಡಿದ್ರೆ ಇಬ್ರಿಗೂ ಮೂರು, ನನ್ನ ಓಟು ಹೆನ್ರಿಕ್ಸನ್‌ಗೆ, ಯಾಕಂದ್ರೆ ಬಿಷಪ್ ಥರ ಮನಸ್ಸಿಗೆ ಹತ್ರ ಆಗೋ ಪಾತ್ರ ಈ ಮೂರೂ ಸರಣಿಲಿ ಬೇರೆ ಇಲ್ಲ.

ಟೈಮ್ ಸಿಕ್ರೆ ಏಲಿಯನ್ಸ್‌ನ ಚಾಕು ಸೀನ್ ನೋಡಿ, ಹಡ್ಸನ್ ಕೈ ಮೇಲೆ ತನ್ನ ಕೈ ಇಟ್ಟು ಬೆರಳ ಸಂದಿಲಿ ಬಿಷಪ್ ಟಕಟಕ ಅಂತ ಚಾಕು ಆಡಿಸ್ತಾನೆ, ಇಬ್ರೂ ಒಂದೇ ಫ್ರೇಮಲ್ಲಿ ಸಿಗ್ತಾರೆ.